ಎನ್‌ಕ್ವೈರಿಗೂ ಇನ್‌ಕ್ವೈರಿಗೂ ನಡುವೆ ನಮ್ಮ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನನ್ನು ‘ಎಲ್ಲಿಗೆ ಹೊರಟ್ರಿ?’ ಎಂದು ಕೇಳಿ ನೇರ ಉತ್ತರ ಪಡೆದವರು ತುಮಕೂರಿನಲ್ಲಿ ಯಾರಾದರೂ ಇದ್ದರೆ, ಅವರಿಗೆ ನಾನೇ ಹಾರ ಹಾಕುತ್ತೇನೆ! ಈವರೆಗೆ ಹಾರ ಕೊಳ್ಳುವ ಪ್ರಮೇಯ ಬಂದಿಲ್ಲ. ಚಿಕ್ಕಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಮೊದಲು ಕೇಳುತ್ತಿದ್ದದ್ದು: “ಇದು ಎನ್‌ಕ್ವೈರಿನೋ, ಇನ್‌ಕ್ವೈರಿನೋ?”

ಎರಡೂ ಒಂದೇ ಅಲ್ಲವೇ ಎಂದಿರೋ, ನಿಮ್ಮ ಅರ್ಧ ದಿನ ಹೋಯಿತು! “ಎರಡಕ್ಕೂ ಬೇರು ಲ್ಯಾಟಿನ್ನು. ‘ಹುಡುಕು’ ಅಂತ ಅರ್ಥ. ಎನ್‌ಕ್ವೈರಿ ಫ್ರೆಂಚರ ಮನೇಲಿ ಬೆಳೆದು ಇಂಗ್ಲೆಂಡಿಗೆ ಬಂತು. ಆಮೇಲೆ ಪಂಡಿತರು ಅದಕ್ಕೆ ವಾಪಸ್ ಲ್ಯಾಟಿನ್ ಅಂಗಿ ತೊಡ್ಸಿ ಇನ್‌ಕ್ವೈರಿ ಅಂದ್ರು. ಸುಮ್ನೆ ಕೇಳಿ ತಿಳ್ಕೊಳೋದು ಎನ್‌ಕ್ವೈರಿ. ಅಧಿಕಾರಿ ಕೂತು ಕೆದಕೋದು ಇನ್‌ಕ್ವೈರಿ. ಅಮೆರಿಕದೋರಿಗೆ ಎಲ್ಲಾ ಒಂದೇ, ಅವ್ರ ಮಾತು ಬುಡು!”

ನನ್ನ ಕಂಪ್ಯೂಟರ್ ಕೋರ್ಸಿಗೆ ಕಲ್ಲು ಹಾಕಿದ್ದೂ ಇದೇ ಪಾಂಡಿತ್ಯ. ತೊಂಬತ್ತರ ದಶಕದ ಕೊನೆ. ಶಿರಾ ಗೇಟ್ ಹತ್ತಿರ ಒಂದು ಸೆಂಟರ್ ಶುರುವಾಗಿತ್ತು. ಒಳಗೆ ಕೂತಿದ್ದ ಹುಡುಗಿಯ ಮುಂದಿನ ಬೋರ್ಡಿನಲ್ಲಿ ‘ಇನ್‌ಕ್ವೈರಿ’ ಎಂದಿತ್ತು. ಚಿಕ್ಕಪ್ಪ ನೆಟ್ಟಗೆ ಅವಳ ಮುಂದೆ ನಿಂತರು. “ಯಾರ ಮೇಲಮ್ಮ ನಿಮ್ಮ ವಿಚಾರಣೆ? ಏನ್ ಕಳುವಾಗಿದೆ?”

“ಕೋರ್ಸ್ ಬಗ್ಗೆ ಕೇಳೋ ಜಾಗ ಸಾರ್ ಇದು.”

“ಕೇಳೋ ಜಾಗಕ್ಕೆ ಕೆದಕೋ ಬೋರ್ಡ್ ಯಾಕೆ? ಬರೋ ಮಕ್ಕಳೇನು ಆರೋಪಿಗಳಾ?”

ಬೋರ್ಡು ಬದಲಾಗುವ ತನಕ ನನ್ನನ್ನು ಸೇರಿಸುವುದಿಲ್ಲ ಎಂದು ಎಳೆದುಕೊಂಡು ಬಂದರು. ಬೋರ್ಡು ಬದಲಾಗಲಿಲ್ಲ. ನಾನು ಟೈಪಿಂಗ್ ಕಲಿತೆ! ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ಈ ಹುಚ್ಚು ಹಿಡಿದದ್ದಕ್ಕೆ ಕಾರಣವಿತ್ತು, ಇಲ್ಲವೆನ್ನುವುದಿಲ್ಲ. ಚಿಕ್ಕಪ್ಪ ನಮ್ಮ ಮನೆಯಲ್ಲೇ ಇದ್ದು, ದಿನವೂ ಬಸ್ಸಿನಲ್ಲಿ ಗುಬ್ಬಿಗೆ ಹೋಗಿ ಒಂದು ಕಚೇರಿಯಲ್ಲಿ ಗುಮಾಸ್ತಿಕೆ ಮಾಡುತ್ತಿದ್ದರು. ಕೋರ್ಸಿನ ಗಲಾಟೆಗೂ ಮೊದಲೇ ಅಲ್ಲೊಂದು ಫೈಲು ಕಾಣೆಯಾಯಿತು. ಚಿಕ್ಕಪ್ಪ ಸಸ್ಪೆಂಡ್. ಹದಿನಾಲ್ಕು ತಿಂಗಳು ಇಲಾಖಾ ವಿಚಾರಣೆ! ಕೊನೆಗೆ ಫೈಲು ಸಿಕ್ಕಿದ್ದೆಲ್ಲಿ ಗೊತ್ತೇ? ವಿಚಾರಣೆ ಮಾಡುತ್ತಿದ್ದ ಸಾಹೇಬರ ಬೀರುವಿನಲ್ಲೇ! ಕೆಲಸವೇನೋ ವಾಪಸ್ ಬಂತು, ಆದರೆ ‘ಸಸ್ಪೆಂಡ್ ಆಗಿದ್ದೋನು’ ಎಂಬ ಮಾತು ಬೀದಿ ಬಿಟ್ಟು ಹೋಗಲಿಲ್ಲ. ಚಿಕ್ಕಪ್ಪ ಸಿಕ್ಕವರಿಗೆಲ್ಲ ಆ ಬೀರುವಿನ ಕತೆ ಹೇಳುತ್ತಿದ್ದರು. ಕೇಳಿ ಕೇಳಿ ನಮಗೆ ಬಾಯಿಪಾಠವಾಗಿತ್ತು.

ನಾನು ಟೈಪಿಂಗ್ ಕಲಿತು ಮುಗಿಸುವಷ್ಟರಲ್ಲಿ ಕುಣಿಗಲ್ ಕಡೆಯಿಂದ ನನಗೊಂದು ಸಂಬಂಧ ಬಂತು. ಹುಡುಗ ನನಗೆ ಹಿಡಿಸಿದ್ದ. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ನಮ್ಮ ಕಡೆ ಹೆಣ್ಣು ಒಪ್ಪಿಗೆಯಾದ ಮೇಲೂ ಗಂಡಿನ ಕಡೆಯ ಹಿರಿಯರೊಬ್ಬರು ಹೇಳದೆ ಕೇಳದೆ ಬಂದು, ಬೀದಿ ಕೊನೆಯ ಅಂಗಡಿಯಲ್ಲಿ ‘ಆ ಮನೆಯೋರು ಹೆಂಗೆ?’ ಎಂದು ವಿಚಾರಿಸುತ್ತಾರಷ್ಟೆ. ಹುಡುಗನ ಸೋದರಮಾವ ಬಂದರು. ಅಂಗಡಿ ಬೆಂಚಿನ ಮೇಲೆ ಪೇಪರ್ ಓದುತ್ತಿದ್ದ ಗಂಭೀರ ಮುಖದ ಒಬ್ಬರನ್ನು ಆರಿಸಿಕೊಂಡು ಕೇಳಿದರು. ಇಡೀ ತುಮಕೂರಿನಲ್ಲಿ ಅವರಿಗೆ ಸಿಕ್ಕಿದ್ದು ನಮ್ಮ ಚಿಕ್ಕಪ್ಪನೇ!

ಸಂಜೆ ಅಂಗಡಿಯವನು ಅಮ್ಮನಿಗೆ ಹೇಳಿದ: “ಒಂದ್ ಗಂಟೆ ಮಾತಾಡವ್ರೆ ಕಣಕ್ಕ. ನಾನು ಗಿರಾಕಿ ನೋಡ್ತಿದ್ದೆ. ಸಸ್ಪೆಂಡು ಸಸ್ಪೆಂಡು ಅಂತ ಎರಡು ಸಲ ಕಿವಿಗೆ ಬಿತ್ತು.”

ನನ್ನ ಸಿಟ್ಟು ಕೇಳಬೇಕೆ! ಕೋರ್ಸು ಹೋಯಿತು, ಈಗ ಮದುವೆಯೂ ಹೋಯಿತು! ಎಂಟು ದಿನ ಚಿಕ್ಕಪ್ಪನ ಮುಖ ನೋಡಲಿಲ್ಲ. ಅವರೂ ಏನೂ ಹೇಳಲಿಲ್ಲ.

ಒಂಬತ್ತನೆಯ ದಿನ ಸೋದರಮಾವ ಬಂದು ನಡುಮನೆಯಲ್ಲಿ ಕೂತರು. ಚಿಕ್ಕಪ್ಪ ಅವರನ್ನು ಕಂಡದ್ದೇ ಹಿತ್ತಿಲಿಗೆ ಜಾರಿಕೊಂಡರು.

“ನಮಗೆ ಒಪ್ಪಿಗೆ,” ಎಂದರು ಅವರು ಅಪ್ಪನಿಗೆ. “ಸಸ್ಪೆಂಡ್ ಆಗಿದ್ದ ನಿಮ್ ತಮ್ಮನ ವಿಚಾರ ಒಂದು ಮನಸ್ಸಲ್ಲಿತ್ತು. ಅಂಗಡಿ ಹತ್ರ ಒಬ್ರು ಯಜಮಾನ್ರು ಎಲ್ಲಾ ಬಿಡಿಸಿ ಹೇಳುದ್ರು. ‘ಹುಡುಗಿ ಚಿನ್ನದಂಥೋಳು. ಆ ಸಸ್ಪೆಂಡ್ ಆಗಿದ್ದೋನಿಗೂ ಈ ಮನೆಗೂ ಬಳಕೆ ಇಲ್ಲ. ಮದ್ವೆಗೂ ಬರಲ್ಲ ಅವ್ನು. ಅವನ ಹೆಸರನ್ನ ಹುಡುಗಿ ತಲೆಗೆ ಕಟ್ಟಬೇಡಿ’ ಅಂದ್ರು.”

ಚಿಕ್ಕಪ್ಪ ಬೀರುವಿನ ಕತೆಯನ್ನು ಹೇಳಿಯೇ ಇರಲಿಲ್ಲ! ನನಗೆ ತಡೆಯಲಾಗಲಿಲ್ಲ.

“ಆ ಯಜಮಾನ್ರೇ ನಮ್ಮ ಚಿಕ್ಕಪ್ಪ. ಅವ್ರು ತಪ್ಪು ಮಾಡಿಲ್ಲ. ಅವ್ರು ಬರದಿದ್ರೆ ನಾನು ಹಸೆಮಣೆ ಮೇಲೆ ಕೂರಲ್ಲ.”

ಸೋದರಮಾವ ನನ್ನನ್ನೇ ನೋಡಿದರು. ಮದುವೆ ಮುರಿಯಿತೆಂದೇ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. “ಕರ್ಕೊಂಡೇ ಬನ್ನಿ,” ಎಂದರು ಸೋದರಮಾವ. “ನಮ್ಮನೇಲೂ ಸಸ್ಪೆಂಡ್ ಆಗಿದ್ದೋರು ಇಬ್ರಿದಾರೆ, ಜೊತೆ ಆಗುತ್ತೆ.”

ನಾನು ಹಿತ್ತಿಲಿಗೆ ಓಡಿದೆ. ಚಿಕ್ಕಪ್ಪ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದರು. ಈಗ ನನ್ನ ಸಿಟ್ಟೆಲ್ಲ ನನ್ನ ಮೇಲೇ ತಿರುಗಿತ್ತು. ಹದಿನಾಲ್ಕು ತಿಂಗಳು ಒಂದೇ ಮನೆಯಲ್ಲಿದ್ದು ನಾಚಿಕೆಪಟ್ಟೆನೇ ಹೊರತು ಒಂದು ಮಾತು ಕೇಳಿದ್ದೆನೇ?

“ಚಿಕ್ಕಪ್ಪ, ಆಗ ಹೆಂಗಿದ್ರಿ?”

ಚಿಕ್ಕಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

“ಆಗ್ಲೂ ದಿನಾ ಬುತ್ತಿ ತಗೊಂಡು ಗುಬ್ಬಿಗೆ ಹೋಗ್ತಿದ್ನಲ್ಲ?”

“ಹೂಂ, ವಿಚಾರಣೆಗೆ.”

“ಅವ್ರು ಕರೆದಿದ್ದು ಮೂರೇ ಸಲ ಕಣೇ. ಮಿಕ್ಕ ದಿನ ಕೆರೆ ಏರಿ ಮೇಲೆ ಕೂತಿರ್ತಿದ್ದೆ. ನಾನು ಮನೇಲಿ ಕೂತ್ರೆ, ಬೀದೀಲಿ ನಿಮಗೆ ತಲೆ ಎತ್ಕೊಂಡು ಓಡಾಡೋಕೆ ಕಷ್ಟ ಆಗೋದು.”