ಎರಡನೇ ಸಲ ಹೆಣ್ಣೊಪ್ಪಿಸಿದ್ದು

ಕರಾರು ಮುರಿದವನು ನೊಂದವನಿಗೆ ಎಂಥ ಪರಿಹಾರ ಕೊಡಬೇಕೆಂದರೆ, ಕರಾರು ನಡೆದಿದ್ದರೆ ಅವನು ಹೇಗಿರುತ್ತಿದ್ದನೋ ಹಾಗೇ ಆಗಿಬಿಡಬೇಕು. ಕಾನೂನಿನ ಪುಸ್ತಕಗಳು ಇದನ್ನು ಬಹಳ ಧೈರ್ಯವಾಗಿ ಹೇಳುತ್ತವೆ. ಯೂನಿವರ್ಸಿಟಿಯಲ್ಲಿ ಓದುವಾಗಲೇ ನನಗೆ ಅನುಮಾನವಿತ್ತು. ಅನುಮಾನ ನನ್ನ ಹುಟ್ಟುಗುಣ; ಸ್ವಂತ ನೆನಪನ್ನೂ ನಾನು ನಂಬುವವನಲ್ಲ. ಎಪ್ಪತ್ತರ ದಶಕದಲ್ಲಿ ಜಗಳೂರಿನಲ್ಲಿ ನನ್ನ ಮದುವೆಯಾದದ್ದನ್ನು ಕೂಡ ಹೆಂಡತಿ ಗಿರಿಜಳ ಸಾಕ್ಷಿಯ ಮೇಲೆ ಒಪ್ಪಿಕೊಂಡಿದ್ದೇನೆ. ಆ ದಿನದ ಒಂದು ಫೋಟೋವೂ ಇಲ್ಲ.

ಹೊನ್ನಾಳಿಯಿಂದ ಬಂದಿದ್ದ ಫೋಟೋಗ್ರಾಫರು ಇಡೀ ದಿನ ಮಂಟಪದ ಸುತ್ತ ಬಗ್ಗಿ, ಎದ್ದು, ಕುರ್ಚಿ ಹತ್ತಿ ಕ್ಲಿಕ್ಕಿಸಿದ್ದರು. ಆದರೆ ಕ್ಯಾಮೆರಾದೊಳಗೆ ರೀಲು ಚಕ್ರಕ್ಕೆ ಸಿಕ್ಕಿಕೊಂಡೇ ಇರಲಿಲ್ಲವಂತೆ, ಒಂದಿಂಚೂ ಸುತ್ತಿರಲಿಲ್ಲ. ಚನ್ನಗಿರಿಯಲ್ಲಿ ಹೊಸದಾಗಿ ವಕೀಲಿ ಹಿಡಿದಿದ್ದ ನಾನು ಅವರ ಸ್ಟುಡಿಯೋದಲ್ಲಿ ನಿಂತು ಪರಿಹಾರದ ಬಗ್ಗೆ ದೊಡ್ಡ ಭಾಷಣವನ್ನೇ ಮಾಡಿದೆ. ಪಾಪ, ಅವರು ಮುಂಗಡ ವಾಪಸು ಕೊಡಲು ತಯಾರಿದ್ದರು. ಗಿರಿಜ ನಡುವೆ ಬಾಯಿ ಹಾಕಿದಳು.

"ದುಡ್ಡು ಇಸ್ಕಂಡು ಏನ್ ಮಾಡಾಣ್ರಿ? ಅಪ್ಪಾಜಿ ನನ್ನ ಕೈ ಹಿಡ್ಕಂಡಿರೋ ಫೋಟೋ ಬರ್ತೈತಾ? ಹೆಣ್ಣೊಪ್ಪಿಸೋದು ಒಂದು ಮತ್ತೆ ಮಾಡಾಣ, ತೆಗೀರಿ."

ಕೊಟ್ಟ ಮಾತನ್ನೇ ನಡೆಸಿಕೊಡಿ ಎಂದು ಕೇಳುವುದೂ ಕಾನೂನಿನಲ್ಲಿದೆ; ಮುಂಗಡವನ್ನು ಅವರ ಬಳಿಯೇ ಬಿಟ್ಟು ಬಂದೆ.

ಮುಂದಿನ ಭಾನುವಾರ ಮಾವನವರು ಅದೇ ಮದುವೆಯ ರುಮಾಲು ಸುತ್ತಿಕೊಂಡು ಜಗಳೂರಿನಿಂದ ಬಸ್ಸಿನಲ್ಲಿ ಹೊನ್ನಾಳಿಗೆ ಬಂದರು. ಸ್ಟುಡಿಯೋದ ಪರದೆಯ ಮೇಲೆ ಯಾವುದೋ ಅರಮನೆ, ಎರಡು ಹಂಸ. ಮಗಳ ಕೈಯನ್ನು ಅಳಿಯನ ಕೈಗಿಟ್ಟು "ಚೆನ್ನಾಗಿ ನೋಡ್ಕಳ್ಳಿ" ಎಂದರೆ ಶಾಸ್ತ್ರ ಮುಗಿಯಿತು. ಮಾವನವರು ಮಗಳ ಕೈಯನ್ನೇನೋ ಹಿಡಿದರು, ಬಿಡಲೇ ಇಲ್ಲ. ನಾನು ಕೈ ಚಾಚಿಕೊಂಡು ಕಾದೆ. ಫೋಟೋಗ್ರಾಫರು ಸ್ಟುಡಿಯೋದ ದೊಡ್ಡ ಕ್ಯಾಮೆರಾದ ಕರಿಬಟ್ಟೆಯೊಳಗಿಂದ, "ಹುಡುಗನ ಕೈಗೆ ಕೊಡ್ರಿ ಯಜಮಾನ್ರೆ, ಲೈಟು ಕಾಯ್ತೈತೆ" ಎಂದರು.

"ತಡೀರಪ್ಪ," ಎಂದರು ಮಾವನವರು, ಮಗಳ ಬೆರಳುಗಳನ್ನೇ ನೋಡುತ್ತಾ. "ಅವತ್ತು ಎಲೆ ಹಾಕ್ಸೋ ಗಡಿಬಿಡ್ಯಾಗೆ ಹೆಂಗೋ ಕೊಟ್ಬಿಟ್ಟೆ. ಮುಖಾನೂ ಸರಿಯಾಗಿ ನೋಡ್ಲಿಲ್ಲ."

ಗಿರಿಜ ಅತ್ತಳು. ಮದುವೆಯ ದಿನ ಅತ್ತಿರಲಿಲ್ಲ ಎಂದು ನನ್ನ ನೆನಪು; ಅತ್ತಿದ್ದೆ ಎಂದು ಅವಳ ವಾದ. ಫೋಟೋಗ್ರಾಫರು ಕಾದೂ ಕಾದೂ ಹಾಗೇ ಕ್ಲಿಕ್ಕಿಸಿಬಿಟ್ಟರು.

ಆ ಫೋಟೋ ನಮ್ಮ ನಡುಮನೆಯಲ್ಲಿದೆ. ಅಪ್ಪ ಮಗಳು ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ. ಬಂದವರೆಲ್ಲ ಅದನ್ನು ಮೆಚ್ಚಿ, ಹಂಸದ ಪಕ್ಕ ಖಾಲಿ ಕೈ ಚಾಚಿ ನಿಂತಿರುವ ಆ ಮನುಷ್ಯ ಯಾರೆಂದು ಕೇಳುತ್ತಾರೆ.