ಅಪ್ಪನ ಎಡೆಗೆ ಇಪ್ಪತ್ತು ನಿಮಿಷದ ಕೋಳಿ

ಅಪ್ಪ ತೀರಿಕೊಂಡ ಮೇಲೆ ಬಂದ ಮೊದಲ ಹಿರಿಯರ ಹಬ್ಬ. ಅವರ ಎಡೆಗೆಂದೇ ಅವ್ವ ತಿಂಗಳುಗಟ್ಟಲೆ ರಾಗಿ ಹಾಕಿ ಒಂದು ಹುಂಜ ಸಾಕಿದ್ದಳು. ಹೊಸ ಪಂಚೆ, ಹಣ್ಣು ತರಲು ಅವ್ವ ಮತ್ತು ನನ್ನ ಹೆಂಡತಿ ಸಾವಿತ್ರಿ ಕುಶಾಲನಗರಕ್ಕೆ ಹೊರಟಾಗ ನಾನು ಎದೆ ತಟ್ಟಿ, "ಕೋಳಿ ಅಡುಗೆ ನನಗೆ ಬಿಡಿ," ಅಂದೆ.

"ನಿಮ್ಮಪ್ಪಂಗೆ ಹೆಂಗಿಷ್ಟವೋ ಹಂಗ್ ಮಾಡಪ್ಪ," ಅಂದಳು ಅವ್ವ. ಆ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಆದರೆ ನನಗೆ ಅಪ್ಪನ ಆರೋಗ್ಯದ ಚಿಂತೆ! ಎಣ್ಣೆ, ಖಾರ ಬಿಡಿ ಎಂದು ಡಾಕ್ಟರು ಬಡಕೊಂಡರೂ ಬದುಕಿರುವ ತನಕ ಅವರು ಕೇಳಿರಲಿಲ್ಲ. ಈಗ ಎದುರು ಮಾತಾಡುವಂತಿಲ್ಲ. ಇದನ್ನೇ ಸುಸಂದರ್ಭವೆಂದು ಪರಿಗಣಿಸಿ ಮೊಬೈಲಿನಲ್ಲಿ ಒಂದು ವಿಡಿಯೊ ಹುಡುಕಿದೆ. ಒಂದೇ ಬಾಣಲೆ, ಒಂದೇ ಚಮಚ ಎಣ್ಣೆ, ಕೋಳಿಯ ಜೊತೆ ಬೀನ್ಸ್, ಕ್ಯಾರೆಟ್, ದಪ್ಪ ಮೆಣಸಿನಕಾಯಿ. ಇಪ್ಪತ್ತು ನಿಮಿಷದಲ್ಲಿ ಸಿದ್ಧ!

ವಿಡಿಯೊದವರದು ಫಾರಂ ಕೋಳಿ. ನಮ್ಮದು ಪಕ್ಕದ ಕಾಫಿ ತೋಟವನ್ನೆಲ್ಲ ಸುತ್ತಿ, ನಾಯಿಯನ್ನೂ ಅಟ್ಟಾಡಿಸುತ್ತಿದ್ದ ಹುಂಜ. ಈ ವ್ಯತ್ಯಾಸ ನನಗೆ ಹೊಳೆದದ್ದು ಇಪ್ಪತ್ತು ನಿಮಿಷ ಕಳೆದು ಚಾಕು ಚುಚ್ಚಿದಾಗ. ಚಾಕು ಬಾಗಿತು.

ನೀರು ಸುರಿದೆ. ಕ್ಯಾರೆಟ್ ಕರಗಿತು, ಹುಂಜ ಹಾಗೇ ಇತ್ತು. ಉರಿ ಹೆಚ್ಚಿಸಿದೆ. ತಳ ಹಿಡಿಯಿತು. ಕೊನೆಗೆ ಮಾನ ಬಿಟ್ಟು ಎಲ್ಲವನ್ನೂ ಕುಕ್ಕರಿಗೆ ಸುರಿದೆ. ಒಂದು ಸೀಟಿ ಕೂಗುವ ಮೊದಲೇ ಗ್ಯಾಸ್ ಮುಗಿಯಿತು. ಇನ್ನೊಂದು ಸಿಲಿಂಡರ್ ತಂದಿಡಿ ಎಂದು ಸಾವಿತ್ರಿ ವಾರದಿಂದ ಹೇಳುತ್ತಲೇ ಇದ್ದಳು. ಹಿತ್ತಿಲ ಸೌದೆ ಒಲೆ ಹೊತ್ತಿಸಲು ಹೋಗಿ ನಾನು ಹೊಗೆಯಲ್ಲಿ ಕೆಮ್ಮುತ್ತಿದ್ದಾಗ ಇಬ್ಬರೂ ಬಂದರು.

ಸಾವಿತ್ರಿ ಮುಚ್ಚಳ ತೆಗೆದಳು. "ಇದೇನ್ರೀ?"

"ಎಣ್ಣೆ ಕಡಿಮೆ. ಅಪ್ಪನ ಕೊಲೆಸ್ಟ್ರಾಲ್‌ಗೆ..."

"ಸತ್ತೋರಿಗೆ ಯಾವ ಕೊಲೆಸ್ಟ್ರಾಲ್ ರೀ?"

ಅವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂಗಡಿಯಿಂದ ಬೇರೆ ಕೋಳಿ ತರುತ್ತೇನೆ ಅಂದೆ.

"ಬ್ಯಾಡ. ಅವರ ಹೆಸ್ರಲ್ಲಿ ಸಾಕಿದ್ದು ಇದು. ಇದ್ನೇ ಇಡಾನ."

ಕತ್ತಲಾಗುತ್ತಿತ್ತು. ಅವ್ವ ದೀಪ ಹಚ್ಚಿ, ಬಾಳೆಲೆಯಲ್ಲಿ ಮುದ್ದೆಯ ಪಕ್ಕ ಆ ಅರೆಬೆಂದ ಹುಂಜವನ್ನು ಬಡಿಸಿದಳು. ಬೀನ್ಸ್ ಚೂರುಗಳನ್ನು ಬೆರಳಲ್ಲಿ ಒಂದೊಂದಾಗಿ ಎಲೆಯ ಅಂಚಿಗೆ ಸರಿಸಿದಳು. ಅಪ್ಪ ಊಟಕ್ಕೆ ಕೂತಾಗ ಮಾಡುತ್ತಿದ್ದುದೂ ಅದನ್ನೇ. ವರ್ಷಕ್ಕೊಮ್ಮೆ ಊಟಕ್ಕೆ ಬರುವ ಮನುಷ್ಯನಿಗೆ ನಾನು ಪಥ್ಯ ಮಾಡಿಟ್ಟಿದ್ದೆ.

ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ನಾವು ಹೊರಗೆ ನಿಲ್ಲುವುದು ವಾಡಿಕೆ. ಸ್ವಲ್ಪ ಹೊತ್ತಾದ ಮೇಲೆ ಚಿಲಕಕ್ಕೆ ಕೈ ಹಾಕಿದೆ. ಅವ್ವ ತಡೆದಳು.

"ತಡಿಯೋ. ಅಗಿಯಕ್ಕೆ ಹೊತ್ತಾಯ್ತದೆ. ಅವರಿಗೆ ಹಲ್ಲು ಬೇರೆ ಇರ್ಲಿಲ್ಲ."

ಕೈ ತೆಗೆದೆ. ಒಳಗಿನಿಂದ ಒಂದು ಸದ್ದೂ ಇಲ್ಲ. ಬದುಕಿದ್ದಾಗಲೂ ನಾನು ಮಾಡಿದ ಕೆಲಸ ನೋಡಿ ಅಪ್ಪ ಹೀಗೆಯೇ ಸುಮ್ಮನಿರುತ್ತಿದ್ದರು.