ಬುಧವಾರದ ಬಿಳಿ ಗುಂಡಿ

ಹೊಸಬನ ಮೂಗು ಕಟ್ಟಿತ್ತು. ಬೇರೆಯವರ ಮೂಗು ಕಟ್ಟಿದರೆ ಒಂದು ಕರವಸ್ತ್ರದಲ್ಲಿ ಮುಗಿಯುವ ವಿಷಯ. ಅಡುಗೆಯವನ ಮೂಗು, ಅದೂ ಪರೀಕ್ಷೆಯ ದಿನವೇ ಕಟ್ಟಿದರೆ, ಕನ್ನಡಕ ಮನೆಯಲ್ಲಿ ಮರೆತು ಬಂದ ದರ್ಜಿಯ ಗತಿ. ಬೆಳಿಗ್ಗೆಯಿಂದ ಮೂರು ಸಲ ಸಾರನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿದ. ಮೂರು ಸಲವೂ ಗೋಡೆ ನೆಕ್ಕಿದ ಹಾಗಿತ್ತು.

ಅದು ಅಂಗಿ ಗುಂಡಿ ತಯಾರಿಸುವ ಕಾರ್ಖಾನೆಯ ಕ್ಯಾಂಟೀನು. ಉಳಿದ ದಿನ ಬ್ರೆಡ್ಡು, ಸೂಪು, ಬೇಯಿಸಿದ ತರಕಾರಿ. ಬುಧವಾರ ಮಾತ್ರ ಇಂಡಿಯನ್ ಊಟ. ಬಹಳ ವರ್ಷ ಅದನ್ನು ಮಾಡುತ್ತಿದ್ದವರು ದೊಡ್ಡಪ್ಪ. ಯಾರ ದೊಡ್ಡಪ್ಪನೂ ಅಲ್ಲ, ಎಲ್ಲರೂ ಹಾಗೆ ಕರೆಯುತ್ತಿದ್ದರು, ಅಷ್ಟೇ. ತಿಂಗಳ ಹಿಂದೆ ಅವರು ತೀರಿಕೊಂಡರು. ಬದಲಿಗೆ ಬಂದ ನಲವತ್ತೆರಡು ವರ್ಷದ ಮನುಷ್ಯನ ಹೆಸರು ಕೇಳುವ ತೊಂದರೆಯನ್ನೂ ಯಾರೂ ತೆಗೆದುಕೊಳ್ಳಲಿಲ್ಲ. ಹೊಸಬ ಅಂದರು, ಹೊಸಬ ಓಗೊಟ್ಟ.

ಇಂಡಿಯನ್ ಊಟದ ಬಗ್ಗೆ ಆ ಕಾರ್ಖಾನೆಯಲ್ಲಿ ಅಭಿಪ್ರಾಯ ಇಲ್ಲದವರೇ ಇರಲಿಲ್ಲ. ಅಚ್ಚು ಹಾಕುವ ವಿಭಾಗದವರಿಗೆ ಖಾರ ಸಾಲದು. ಪ್ಯಾಕಿಂಗಿನವರಿಗೆ ಅದೇ ಖಾರಕ್ಕೆ ಕಿವಿಯಲ್ಲಿ ಹೊಗೆ. ಕೈಯಲ್ಲಿ ಕಲಸದೆ ತಿಂದದ್ದು ಊಟವೇ ಅಲ್ಲ ಅನ್ನುತ್ತಿದ್ದ ಮೆಕ್ಯಾನಿಕ್ಕು. ಹಾಗೆ ಕಲಸುವವರ ಎದುರು ಕೂತರೆ ಇನ್ನೊಂದು ಸಲ ಸ್ನಾನ ಮಾಡಬೇಕಾಗುತ್ತದೆ ಅನ್ನುತ್ತಿದ್ದರು ಟೈಪಿಸ್ಟಮ್ಮ. ಮಾತು ಬೆಳೆದು ಒಮ್ಮೆ ತಟ್ಟೆ ಹಾರಿತು. ಅಂದಿನಿಂದ ಯಾರೂ ಬಾಯಿ ಬಿಟ್ಟು ಅಭಿಪ್ರಾಯ ಹೇಳಕೂಡದೆಂದು ಮ್ಯಾನೇಜರು ಕೈ ತೊಳೆಯುವಲ್ಲಿ ಒಂದು ತಗಡಿನ ಡಬ್ಬಿ ಇಡಿಸಿದರು. ಊಟ ಹಿಡಿಸಿದರೆ ಬಿಳಿ ಗುಂಡಿ, ಹಿಡಿಸದಿದ್ದರೆ ಕಪ್ಪು. ಗುಂಡಿಗೇನೂ ಬರವಿರಲಿಲ್ಲ, ತೂತು ತಪ್ಪಿದವು ಮೂಟೆಗಟ್ಟಲೆ ಬಿದ್ದಿದ್ದವು.

ಕಳೆದ ಮೂರು ಬುಧವಾರ ಹೊಸಬನ ಡಬ್ಬಿ ತೆರೆದಾಗ ಇದ್ದಿಲು ತುಂಬಿಟ್ಟ ಹಾಗೆ ಕಂಡಿತ್ತು.

"ನೋಡಪ್ಪ, ಇವತ್ತು ಹೆಡ್ ಆಫೀಸಿನ ಮೇಡಂ ಬರ್ತಾರೆ," ಎಂದಿದ್ದರು ಮ್ಯಾನೇಜರು. "ಬಿಳಿ ಜಾಸ್ತಿ ಬಂದ್ರೆ ನೀನು ಖಾಯಂ. ಕಪ್ಪು ಬಂದ್ರೆ..."

"ಬಂದ್ರೆ ಏನ್ಸಾರ್?"

"ಬರಬಾರದು ಅಂತ ಹೇಳ್ತಿದೀನಿ."

ಹನ್ನೊಂದು ಅಡುಗೆಮನೆಗಳಲ್ಲಿ ದುಡಿದಿದ್ದ ಹೊಸಬ ಹನ್ನೊಂದರಲ್ಲೂ ಬದಲಿಯೇ. ಯಾರದೋ ಕಾಲು ಮುರಿದರೆ ಇವನಿಗೆ ಕೆಲಸ. ಕಾಲು ಕೂಡಿದರೆ ಇವನು ಬೀದಿಗೆ. "ಇನ್ನೊಂದು ಸಲ ಟ್ರಂಕು ಕಟ್ಟೋದು ನನ್ನ ಕೈಲಾಗಲ್ಲ ರೀ," ಎಂದು ಹೆಂಡತಿ ಬೆಳಿಗ್ಗೆ ಮೆಲ್ಲಗೆ ಹೇಳಿದ್ದಳು. ಮೆಲ್ಲಗೆ ಹೇಳಿದ್ದೇ ಅವನಿಗೆ ಹೆಚ್ಚು ಭಯ ಹುಟ್ಟಿಸಿತ್ತು.

ಸ್ವಂತ ನಾಲಿಗೆ ಕೈಕೊಟ್ಟದ್ದರಿಂದ ಪಾತ್ರೆ ತೊಳೆಯುವ ಅಕ್ಕನನ್ನು ಕರೆದು ಸಾರಿನ ರುಚಿ ನೋಡಲು ಹೇಳಿದ.

"ಅಯ್ಯೋ, ಉಪ್ಪೇ ಇಲ್ವಲ್ಲೋ ತಮ್ಮಾ!" ಎಂದು ಅಕ್ಕ ಅವನು ತಡೆಯುವ ಮೊದಲೇ ಒಂದು ಹಿಡಿ ಎಸೆದಳು.

ನೀರು ಕುಡಿಯಲು ಬಂದ ಗೇಟಿನ ಮಾಮ, ಯಾರೂ ಕೇಳದಿದ್ದರೂ ಒಂದು ಸೌಟು ಎತ್ತಿ ಹೀರಿದರು. "ಇದೇನಯ್ಯ, ಸಮುದ್ರ ಕಾಯಿಸ್ತಿದೀಯಾ?" ಎಂದು ಪಕ್ಕದಲ್ಲಿದ್ದ ಅರ್ಧ ಬಕೆಟ್ ನೀರು ಸುರಿದರು.

"ಈಗ ಕೈ ತೊಳ್ಕೋಬಹುದು ಇದರಲ್ಲಿ," ಎಂದು ಅಕ್ಕ ಎರಡು ಸೌಟು ಮೆಣಸಿನ ಪುಡಿ ಹಾಕಿದಳು. ಮಾಮ ಕೆಮ್ಮುತ್ತಾ ಬೆಲ್ಲದ ಉಂಡೆ ಬಿಟ್ಟರು. ಬೆಲ್ಲಕ್ಕೆ ಹುಣಸೆಹಣ್ಣು, ಹುಣಸೆಹಣ್ಣಿಗೆ ಮತ್ತೆ ನೀರು. ಹನ್ನೊಂದೂವರೆಗೆ ಪಾತ್ರೆ ಅಂಚಿನವರೆಗೂ ತುಂಬಿ, ಬಸುರಿಯ ಹಾಗೆ ಏದುಸಿರು ಬಿಡುತ್ತಿತ್ತು. ತಳ ಹಿಡಿದ ಸದ್ದೂ ಕೇಳಿಸಿತು.

"ಹೊರಗೆ ಹೋಗಿ ಇಬ್ರೂ!" ಎಂದು ಹೊಸಬ ಕಿರುಚಿದ.

"ಒಳ್ಳೇದಕ್ಕೆ ಕಾಲವಿಲ್ಲ," ಎಂದು ಗೊಣಗುತ್ತಾ ಇಬ್ಬರೂ ಹೋದರು.

ಊಟದ ಗಂಟೆಗೆ ಇನ್ನು ಒಂದು ಗಂಟೆ. ಬೇಳೆ ಮತ್ತೆ ಬೇಯಿಸಲು ಹೊತ್ತಿಲ್ಲ. ಹೊಸಬ ಒಂಟಿಯಾಗಿ ನಿಂತು, ಮೊಳೆಯಲ್ಲಿ ತೂಗುತ್ತಿದ್ದ ದೊಡ್ಡಪ್ಪನ ಬಿಳಿ ಟೋಪಿಯನ್ನು ನೋಡಿದ. ಅದನ್ನು ತೆಗೆಯಲು ಯಾರಿಗೂ ಮನಸ್ಸಾಗಿರಲಿಲ್ಲ.

"ದೊಡ್ಡಪ್ಪಾ," ಎಂದ, ಯಾರಿಗೂ ಕೇಳದ ಹಾಗೆ. "ನಿಮ್ಮ ಮುಖ ನೋಡಿದೋನಲ್ಲ ನಾನು. ನಿಮ್ಮ ಜಾಗಕ್ಕೆ ಬಂದಿದೀನಿ ಅಂತ ಸಿಟ್ಟಿರಬಹುದು. ಇದೊಂದು ಪಾತ್ರೆ ನೀವು ನೋಡ್ಕೊಳ್ಳಿ. ನಿಮ್ಮ ಉಪಕಾರ ಮರೆಯಲ್ಲ."

ಹೇಳಿದ ಮೇಲೆ ಅವನಿಗೇ ನಗು ಬಂತು. ಹಿಂದಿನ ನಲ್ಲಿಗೆ ಹೋಗಿ ಮುಖ ತೊಳೆದುಕೊಂಡು ಬಂದ.

ಸಾರಿನ ಕುದಿ ತಗ್ಗಿತ್ತು. ಒಲೆಯ ಉರಿಯನ್ನು ಯಾರೋ ಸಣ್ಣ ಮಾಡಿದ್ದರು. ಬಲಗಡೆ ಇಟ್ಟುಹೋಗಿದ್ದ ಸೌಟು ಎಡಗಡೆ ಒರಗಿತ್ತು. ತಾನೇ ಮರೆತಿರಬೇಕು ಎಂದುಕೊಂಡು ಬಲಕ್ಕೆ ಇಟ್ಟ. ಅನ್ನದ ಪಾತ್ರೆಯ ಮುಚ್ಚಳ ತೆಗೆದು ನೋಡಿ ತಿರುಗಿದ. ಸೌಟು ಎಡಕ್ಕಿತ್ತು. ಅದರ ತುದಿಯಿಂದ ಸಾರು ತೊಟ್ಟಿಕ್ಕುತ್ತಿತ್ತು.

ಆಗ ವಾಸನೆ ಬಂತು. ಕಾದ ಎಣ್ಣೆ, ಸಿಡಿದ ಸಾಸಿವೆ, ಇಂಗು. ಬೆಳಿಗ್ಗೆಯಿಂದ ಸುಟ್ಟ ಬೇಳೆಯ ವಾಸನೆಯನ್ನೂ ಹಿಡಿಯದಿದ್ದ ಮೂಗಿಗೆ ಒಗ್ಗರಣೆಯ ವಾಸನೆ ಮಾತ್ರ ಸಲೀಸಾಗಿ ಬರುತ್ತಿತ್ತು. ಒಗ್ಗರಣೆಯ ಬಾಣಲೆಯೋ, ತೊಳೆದು ಒರೆಸಿ ಕಪಾಟಿನಲ್ಲೇ ಇತ್ತು. ಮುಟ್ಟಿ ನೋಡಿದ. ತಣ್ಣಗಿತ್ತು.

"ಅಕ್ಕಾ!" ಎಂದು ಕೂಗಿದ.

ಅಕ್ಕ ಬಂದು ಒಂದು ತೊಟ್ಟು ಬಾಯಿಗಿಟ್ಟಳು. ಆಮೇಲೆ ಮಗುಚಿದ ಬಕೆಟ್ ಮೇಲೆ ನಿಧಾನವಾಗಿ ಕೂತಳು.

"ಇದು ನೀನು ಮಾಡಿದ್ದಲ್ಲ."

"ಮತ್ಯಾರು ಮಾಡಿದ್ದು?"

"ದೊಡ್ಡಪ್ಪ ಎಡಗೈಯವರು. ಗೊತ್ತಿತ್ತಾ ನಿಂಗೆ?"

ಹೊಸಬನಿಗೆ ಗೊತ್ತಿರಲಿಲ್ಲ. ಗೊತ್ತಾಗದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. "ಮ್ಯಾನೇಜರಿಗೆ ಹೇಳಿಬಿಡ್ಲಾ ಅಕ್ಕಾ?"

"ಏನಂತ ಹೇಳ್ತೀಯ? ದೆವ್ವ ಬಂದು ಒಗ್ಗರಣೆ ಹಾಕ್ತು ಅಂತಲಾ? ಹುಚ್ಚಾಸ್ಪತ್ರೇಲಿ ಖಾಯಂ ಮಾಡ್ತಾರೆ. ನಿಂಗೆ ಈ ಕೆಲಸ ಬೇಕೋ ಬೇಡ್ವೋ?"

ಹೊಸಬ ಹೆಂಡತಿಯ ಮೆಲ್ಲನೆಯ ದನಿಯನ್ನು ನೆನೆಸಿಕೊಂಡ. "ಬೇಕು."

"ಹಾಗಾದ್ರೆ ತೆಪ್ಪಗೆ ಬಡಿಸು. ಎಡಗಡೆ ಒಂದಿಷ್ಟು ಜಾಗ ಬಿಟ್ಟು ನಿಂತ್ಕೋ."

ಗಂಟೆ ಹೊಡೆಯಿತು. ಸಾಲು ಬಂತು. ಹೊಸಬ ಅನ್ನ ಹಾಕಿದ. ಸಾರಿನ ಸೌಟಿಗೆ ಕೈ ಚಾಚುವಷ್ಟರಲ್ಲಿ ತಟ್ಟೆಯಲ್ಲಿ ಸಾರು ಬಿದ್ದಿತ್ತು. ಆವಿಯಲ್ಲಿ ತನ್ನ ಕೈಯೇ ತನಗೆ ಸರಿಯಾಗಿ ಕಾಣುತ್ತಿಲ್ಲ ಎಂದು ಸಮಾಧಾನ ಹೇಳಿಕೊಂಡ. ಎರಡನೇ ತಟ್ಟೆಗೂ ಹಾಗೇ ಆಯಿತು. ಹತ್ತನೆಯದರಿಂದ ಅವನು ಎಡಕ್ಕೆ ನೋಡುವುದನ್ನೇ ಬಿಟ್ಟ. ಒಲೆಯ ಮುಂದೆ ಮೈಯೆಲ್ಲ ಬೆವರುತ್ತಿದ್ದರೂ ಎಡ ತೋಳು ಮಾತ್ರ ಒದ್ದೆ ಬಟ್ಟೆ ಸುತ್ತಿದ ಹಾಗೆ ತಣ್ಣಗಿತ್ತು.

ಜನರೂ ಅವನ ಮುಖ ನೋಡುತ್ತಿರಲಿಲ್ಲ. ಕಣ್ಣು ಅವನ ಎಡ ಭುಜದಾಚೆ ಹೋಗುತ್ತಿತ್ತು. "ಸಾಕು ದೊಡ್ಡಪ್ಪಾ, ಸಾಕು," ಎಂದ ಮೆಕ್ಯಾನಿಕ್ಕು, ಹಳೆಯ ಅಭ್ಯಾಸದಲ್ಲಿ ಅನ್ನುವ ಹಾಗೆ. ಪ್ಯಾಕಿಂಗಿನವರೊಬ್ಬರು ತಟ್ಟೆ ಚಾಚಿ, "ನಂಗೆ ತಿಳಿ ಮಾತ್ರ, ಮರ್ತಿಲ್ಲ ತಾನೆ?" ಎಂದರು. ಅವರ ತಟ್ಟೆಗೆ ತಿಳಿ ಮಾತ್ರವೇ ಬಿತ್ತು.

ಇನ್ನೂರು ಜನ ಕೂತು ಉಂಡರೂ ಅಲ್ಲಿ ಒಂದು ಮಾತಿಲ್ಲ. ಖಾರ ಹೆಚ್ಚೆಂದವರಿಲ್ಲ, ಕಮ್ಮಿಯೆಂದವರಿಲ್ಲ. ಮೆಕ್ಯಾನಿಕ್ಕಿನ ಎದುರೇ ಕೂತ ಟೈಪಿಸ್ಟಮ್ಮ ಚಮಚ ಪಕ್ಕಕ್ಕಿಟ್ಟು ಐದು ಬೆರಳಲ್ಲೂ ಕಲಸಿಕೊಂಡು ಉಣ್ಣುತ್ತಿದ್ದರು. ಎರಡು ಸಲ ಹಾಕಿಸಿಕೊಂಡ ಹೆಡ್ ಆಫೀಸಿನ ಮೇಡಂ ಕೈ ತೊಳೆದು ಬಾಗಿಲ ಬಳಿ ಹೋಗಿ ನಿಂತರು. ಆಮೇಲೆ ಕೇಳುತ್ತಿದ್ದದ್ದು ಡಬ್ಬಿಗೆ ಬೀಳುವ ಗುಂಡಿಯ ಸದ್ದೊಂದೇ. ಟಕ್. ಟಕ್. ಟಕ್. ಬಣ್ಣ ಯಾವುದೆಂದು ಸದ್ದಿನಲ್ಲಿ ಗೊತ್ತಾಗದು. ಪ್ರತಿ ಟಕ್ಕಿಗೂ ಹೊಸಬನ ಎದೆ ಒಂದೊಂದು ಮೆಟ್ಟಿಲು ಇಳಿಯುತ್ತಿತ್ತು.

ಡಬ್ಬಿಯನ್ನು ಮೇಜಿನ ಮೇಲೆ ಸುರಿದರು. ಮಲ್ಲಿಗೆ ಸುರಿದ ಹಾಗಿತ್ತು. ಇನ್ನೂರ ಹನ್ನೆರಡು ಗುಂಡಿ, ಅಷ್ಟೂ ಬಿಳಿ.

"ಗೆದ್ದೆ ಕಣೋ!" ಎಂದು ಮ್ಯಾನೇಜರು ಹೊಸಬನ ಬೆನ್ನಿಗೆ ಬಾರಿಸಿದರು. ಬಾಗಿಲಿನಿಂದ ವಾಪಸು ಬಂದ ಮೇಡಂ ಕನ್ನಡಕ ಸರಿಮಾಡಿಕೊಂಡು ತಮ್ಮ ಕಾಗದ ಬಿಡಿಸಿದರು.

"ಇಂಥ ಊಟ ನಾನು ಎಲ್ಲೂ ಮಾಡಿಲ್ಲ. ಆದ್ರೆ ಗುಂಡಿಗೆ ಬಾಯಿಲ್ಲ ನೋಡಿ. ಅದಕ್ಕೇ ಬಾಗಿಲಲ್ಲಿ ಒಬ್ಬೊಬ್ಬರನ್ನೇ ಕೇಳ್ದೆ, ಈ ಬಿಳಿ ಗುಂಡಿ ಯಾರ ಅಡುಗೆಗೆ ಅಂತ. ಇನ್ನೂರ ಹನ್ನೆರಡು ಜನಾನೂ ಒಂದೇ ಉತ್ತರ ಕೊಟ್ರು. ದೊಡ್ಡಪ್ಪನ ಅಡುಗೆಗೆ ಅಂತ."

ಮ್ಯಾನೇಜರು ಆ ಕಾಗದದ ಕಡೆ ಬಾಗಿದರು. "ಮೇಡಂ, ಅವರು ತೀರ್ಕೊಂಡು ತಿಂಗಳಾಯ್ತು."

"ತೀರ್ಕೊಂಡ್ರು ಅಂತ ಕಾಗದ ಆಫೀಸಿಗೆ ಬಂದಿಲ್ವಲ್ಲ. ಅಲ್ಲದೆ, ನಾನು ಸಾರು ಹಾಕಿಸ್ಕೊಳ್ಳೋವಾಗ ಇವರ ಪಕ್ಕ ನಿಂತು ಬಡಿಸ್ತಿದ್ರಲ್ಲ? ನಮಸ್ಕಾರ ಅಂದೆ, ತಲೆ ಆಡಿಸಿದ್ರು. ಮಾತು ಸ್ವಲ್ಪ ಕಮ್ಮಿ ಅನ್ಸುತ್ತೆ."

ಮ್ಯಾನೇಜರು ಅಡುಗೆಮನೆಯ ಕಿಟಕಿಯಿಂದ ಎರಡು ಹೆಜ್ಜೆ ದೂರ ಸರಿದರು.

"ಬೇಳೆ ತೊಳೆದು ಬೇಯಿಸಿದ್ದು ನಾನು ಮೇಡಂ," ಎಂದ ಹೊಸಬ. "ಅನ್ನವೂ ನಂದೇ."

"ಇರಬಹುದು. ಕೆಲಸ ಮಾಡ್ತಿರೋರ ಜಾಗ ಖಾಲಿಯಿದೆ ಅಂತ ನಾನು ಹೇಗಪ್ಪಾ ಬರೀಲಿ? ನೀವು ಬದಲಿಯಾಗೇ ಇರಿ. ಬೇಜಾರು ಮಾಡ್ಕೋಬೇಡಿ. ಅವರು ರಜೆ ಹಾಕಿದ ದಿನ ಖಂಡಿತ ಕರೆಸ್ತೀವಿ."

ಮೇಡಂ ಹೋದರು. ಅವರ ಕಾರಿನವರೆಗೂ ಬಿಟ್ಟುಬರುವ ನೆವದಲ್ಲಿ ಮ್ಯಾನೇಜರೂ ಓಡಿದರು. ಹೊಸಬ ಒಳಗೆ ಬಂದು, ಪಾತ್ರೆ ಉಜ್ಜುತ್ತಿದ್ದ ಅಕ್ಕನ ಪಕ್ಕ ಕುಕ್ಕುರುಗಾಲಲ್ಲಿ ಕೂತ. ಮನೆಗೆ ಹೋಗಿ ಏನು ಹೇಳುವುದೆಂದು ಲೆಕ್ಕ ಹಾಕುತ್ತಿದ್ದವನಿಗೆ ಸಣ್ಣದೊಂದು ಆಸೆ ಹುಟ್ಟಿತು.

"ಅಕ್ಕಾ, ದೊಡ್ಡಪ್ಪ ವರ್ಷಕ್ಕೆ ಸುಮಾರು ಎಷ್ಟು ರಜೆ ಹಾಕ್ತಿದ್ರು?"

ಅಕ್ಕ ಉಜ್ಜುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು.

"ಒಂದೂ ಇಲ್ಲ ಕಣೋ ತಮ್ಮಾ. ಸತ್ತ ದಿನಾನೂ ಹಾಕಿಲ್ಲ. ಬೆಳಗಿನ ಜಾವಾನೇ ತೀರ್ಕೊಂಡಿದ್ರಂತೆ. ನಾವು ಅವರ ಕೈಯ ಊಟ ಮಾಡಿ, ಕೈ ತೊಳೀತಾ ಇರೋವಾಗ ಸುದ್ದಿ ಬಂತು."